ಮೂರನೆಯ ಗುಂಡುಸೂಜಿ

ಆ ಹೊಲಿಗೆ ಅಂಗಡಿಯಲ್ಲಿ ಸೂಜಿ ಚುಚ್ಚಿದರೆ ಯಾರೂ ಸದ್ದು ಮಾಡಬಾರದು. ಅದು ಅತ್ತೆಯ ಕಟ್ಟಪ್ಪಣೆ. ಗಿರಾಕಿ ಹೊಸ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಂತಿರುವಾಗ, ಕಾಲ ಬಳಿ ಕೂತು ಅಂಚು ಮಡಚುವವಳು 'ಅಯ್ಯೋ' ಎಂದುಬಿಟ್ಟರೆ ಮುಗಿಯಿತು. ಗಿರಾಕಿ ಬೆಚ್ಚಿಬೀಳುತ್ತಾಳೆ, ಬಟ್ಟೆಗೆ ರಕ್ತ ತಗುಲಿತೇನೋ ಎಂದು ಬಗ್ಗಿ ನೋಡುತ್ತಾಳೆ, ಅಳತೆ ಕೆಡುತ್ತದೆ. ಆದ್ದರಿಂದ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನೋವನ್ನು ನುಂಗಬೇಕು. ಗಿರಾಕಿಗಳೆಲ್ಲ ಬೆನ್ನ ಹಿಂದೆ 'ದೊಡ್ಡ ಕತ್ತರಿ' ಎಂದು ಕರೆಯುತ್ತಿದ್ದ ಆ ಅತ್ತೆಯ ಕೈಕೆಳಗೆ ಸೊಸೆ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಮೊನ್ನೆ ಕಾರು ಹೋಗಿ ದೀಪದ ಕಂಬಕ್ಕೆ ಬಡಿದಾಗಲೂ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಅತ್ತೆಯ ಎರಡನೆಯ ಕಟ್ಟಪ್ಪಣೆ, ಗುಂಡುಸೂಜಿಯನ್ನು ಬಾಯಲ್ಲಿ ಕಚ್ಚಿಕೊಳ್ಳಬಾರದು ಎಂಬುದು. ಇದನ್ನು ಸೊಸೆ ಅಷ್ಟು ಚೆನ್ನಾಗಿ ಕಲಿತಿರಲಿಲ್ಲ.

ಈಗ ಅವಳು ಸ್ಕ್ಯಾನಿಂಗ್ ಕೇಂದ್ರದ ತಣ್ಣನೆಯ ಓಣಿಯಂಥ ಕಾರಿಡಾರಿನಲ್ಲಿ, ಹಿಂದೆ ಕಟ್ಟುವ ಹಸಿರು ಗೌನು ಹಾಕಿಕೊಂಡು, ಬಲಗೈಯನ್ನು ಯಾರದೋ ವಸ್ತುವೆಂಬಂತೆ ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ಕಿನ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿದ್ದವು. ಅಪಘಾತದ ಸಂಜೆ ಸ್ವಲ್ಪ ಜುಮುಜುಮು ಎನ್ನುತ್ತಿದ್ದುದು ಬೆಳಗಾಗುವಷ್ಟರಲ್ಲಿ ಹೀಗಾಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರೆ ಗುಂಡಿ ಎಲ್ಲಿದೆಯೆಂದು ಬೆರಳಿಗೇ ತಿಳಿಯುತ್ತಿರಲಿಲ್ಲ. ಡಾಕ್ಟರು ಸುತ್ತಿಗೆಯಲ್ಲಿ ಮೊಣಕೈ ತಟ್ಟಿ, ಕತ್ತು ತಿರುಗಿಸಿ ನೋಡಿ ಮುಖ ಗಂಭೀರ ಮಾಡಿಕೊಂಡಿದ್ದರು. "ಕಾರು ಬಡಿದಾಗ ಕತ್ತು ಜೋರಾಗಿ ಹಿಂದೆ ಮುಂದೆ ಆಗಿದೆ. ಅಲ್ಲಿಂದ ಕೈಗೆ ಬರೋ ನರ ಒತ್ತಿರಬಹುದು. ಎಂಆರ್‌ಐ ಮಾಡಿಸಿ, ತಡ ಮಾಡ್ಬೇಡಿ. ಹೀಗೇ ಬಿಟ್ರೆ ಕೈ ಹೀಗೇ ಉಳಿದುಹೋಗಬಹುದು."

ದರ್ಜಿಗೆ ಬಲಗೈಯ ಆ ಮೂರು ಬೆರಳು ಹೋದರೆ ಇನ್ನೇನು ಉಳಿಯಿತು? ಮಿಕ್ಕ ಎರಡು ಬೆರಳನ್ನು ಇಟ್ಟುಕೊಂಡು ಗಿರಾಕಿಗೆ ಟಾಟಾ ಮಾಡಬಹುದು, ಅಷ್ಟೆ. ಸೊಸೆ ಎರಡು ರಾತ್ರಿ ಇದನ್ನೇ ಯೋಚಿಸಿ ಕಣ್ಣು ಮುಚ್ಚಿರಲಿಲ್ಲ. ಆದರೆ ಈ ಓಣಿಯಲ್ಲಿ ಅವಳು ಹೆದರಿ ಕೂತಿದ್ದುದಕ್ಕೆ ಬೇರೊಂದು ಕಾರಣವಿತ್ತು. ಅದನ್ನು ಅವಳು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ನಡೆದದ್ದು ಇಷ್ಟು. ಹಾಡುಗಾತಿಯೊಬ್ಬಳಿಗೆ ಆ ಸಂಜೆಯ ಕಾರ್ಯಕ್ರಮಕ್ಕೆ ನೀಲಿ ರೇಷ್ಮೆಯ ಉದ್ದನೆಯ ಅಂಗಿ ಕೊಡಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ನೋಡಿದರೆ ಒಂದು ಕಡೆ ಅಂಚು ಇಳಿಬಿದ್ದಿದೆ. "ಹೋಗ್ತಾ ದಾರೀಲೇ ಸರಿ ಮಾಡ್ತೀನಿ ಬನ್ನಿ" ಎಂದು ಸೊಸೆ ಕಾರು ಓಡಿಸುವ ಗಂಡನ ಪಕ್ಕ ಕೂತು, ಅಂಗಿಯನ್ನು ಮಡಿಲ ತುಂಬ ಹರಡಿಕೊಂಡು, ಮೂರು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡಳು. ನಾಲಿಗೆಗೆ ಚುಚ್ಚಬಾರದೆಂದು ತಲೆಯ ಕಡೆ ಒಳಗೆ, ಮೊನೆ ಹೊರಗೆ. ಅಂಚು ಮಡಚಿ ಎತ್ತಿ ಹಿಡಿದಳು. ಬಾಯಲ್ಲಿ ಸೂಜಿ ಇದ್ದುದರಿಂದ ಮಾತಾಡಲಾಗದೆ ಗಂಡನನ್ನು ಮೊಣಕೈಯಿಂದ ತಿವಿದು, ನೇರ ಇದೆಯಾ ಎಂದು ಕಣ್ಣಲ್ಲೇ ಕೇಳಿದಳು. ಪಾಪ, ಹೆಂಡತಿ ಕೇಳಿದಳೆಂದು ಅವನು ತಿರುಗಿ ನೋಡಿದ. ಕಂಬ ಅಷ್ಟು ಹೊತ್ತು ಕಾಯಲಿಲ್ಲ.

ಗಂಡನಿಗೆ ಹಣೆಯ ಮೇಲೊಂದು ಬೋರೆ ಬಂತು. ಅವಳ ಕೆನ್ನೆಗೂ ಬಲ ಮಣಿಕಟ್ಟಿಗೂ ಕಿಟಕಿಯ ಗಾಜು ತರಚಿತ್ತು. ಪಕ್ಕದ ಕ್ಲಿನಿಕ್ಕಿನ ನರ್ಸು ಗಾಜಿನ ಪುಡಿ ತೊಳೆದು ಪಟ್ಟಿ ಅಂಟಿಸಿದಳು. ಕತ್ತಿನದೊಂದು ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಎಂದರು. ಮನೆಗೆ ಬರುವ ದಾರಿಯಲ್ಲಿ ಗಂಡ ಒಂದು ನಾಯಿಯನ್ನು ಸೃಷ್ಟಿಸಿದ. ನಾಯಿ ಅಡ್ಡ ಬಂತು, ತಪ್ಪಿಸಲು ಹೋದೆ, ಕಂಬಕ್ಕೆ ಹೊಡೆದೆ. ಹೆಂಡತಿ ಅತ್ತೆಯ ಕೈಗೆ ಸಿಕ್ಕಿಬೀಳಬಾರದಲ್ಲ! ಅತ್ತೆ ನಂಬಿದಂತೆಯೇ ಕಂಡರು, ಎರಡು ದಿನದಿಂದ ಆ ನಾಯಿಯ ವಂಶವನ್ನೆಲ್ಲ ಬೈಯುತ್ತಿದ್ದರು.

ಆದರೆ ಮನೆಯಲ್ಲಿ ಅಂಗಿ ಕೊಡವಿದಾಗ ಸೊಸೆಗೆ ಎರಡೇ ಗುಂಡುಸೂಜಿ ಸಿಕ್ಕಿದ್ದವು. ಮೂರನೆಯದು ಎಲ್ಲಿ? ಅಂದಿನಿಂದ ಉಗುಳು ನುಂಗಿದಾಗಲೆಲ್ಲ ಎದೆಯ ಹತ್ತಿರ ಏನೋ ಗೀರಿದಂತಾಗುತ್ತಿತ್ತು. ನುಂಗಿಬಿಟ್ಟಿದ್ದೇನೆ ಎಂದು ಅವಳಿಗೆ ಮನದಟ್ಟಾಗಿತ್ತು. ತಾನಾಗಿಯೇ ಹೋಗಿಬಿಡುತ್ತದೆ, ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದಳು. ಯಾವ ಬಾಯಿಂದ ಹೇಳುವುದು? ಸೂಜಿಯ ಸುದ್ದಿ ತೆಗೆದರೆ ಕಾರಿನಲ್ಲಿ ಹೊಲಿದದ್ದು ಬರುತ್ತದೆ, ಹೊಲಿದದ್ದು ಬಂದರೆ ನಾಯಿ ಸಾಯುತ್ತದೆ.

ಓಣಿಯ ಕೊನೆಯ ದಪ್ಪ ಬಾಗಿಲು ತೆರೆದು ಸ್ಕ್ಯಾನ್ ಮಾಡುವಾಕೆ ಹೊರಗೆ ಬಂದಳು. ಗಿಡ್ಡ ಕೂದಲಿನ, ಮಾತು ಕಡಿಮೆಯ ಹೆಂಗಸು.

"ಎದೇಲಿ ಪೇಸ್‌ಮೇಕರ್ ಇದೆಯಾ? ಮೂಳೆಗೆ ರಾಡು, ಸ್ಕ್ರೂ ಹಾಕ್ಸಿದೀರಾ?"

"ಇಲ್ಲ" ಎಂದಳು ಸೊಸೆ.

"ಮೈಯೊಳಗೆ ಎಲ್ಲಾದ್ರೂ ಲೋಹದ ಚೂರು?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಕೂತಿದ್ದ ಅತ್ತೆಯೇ ಉತ್ತರ ಕೊಟ್ಟರು. "ಏನೂ ಇಲ್ಲಮ್ಮ. ಓಲೆ, ಉಂಗುರ, ಹೇರ್‌ಪಿನ್ನು ಎಲ್ಲಾ ನಾನೇ ಬಿಚ್ಚಿಟ್ಟಿದೀನಿ. ನಾನೂ ಒಳಗೆ ಬರ್ತೀನಿ, ಇವಳು ಹೆದರ್ಕೊಂಡಿದಾಳೆ." ಹಾಗೆಂದವರೇ ಬಾಗಿಲ ಕಡೆ ನಡೆದರು.

ಆಕೆ ತಟ್ಟನೆ ಅತ್ತೆಯ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಅತ್ತೆಯನ್ನು ಹಾಗೆ ಎಳೆಯುವ ಧೈರ್ಯ ಈವರೆಗೆ ಯಾರೂ ಮಾಡಿರಲಿಲ್ಲ. "ಇದೇನಮ್ಮ ನಿಮ್ಮ ಕಾಲರ್‌ನಲ್ಲಿ?"

ಅತ್ತೆ ಕಾಲರ್ ಮುಟ್ಟಿಕೊಂಡರು. ಮಡಿಕೆಯ ಒಳಗೆ ಸಾಲಾಗಿ ಗುಂಡುಸೂಜಿಗಳು. "ಓ ಇದಾ? ಇದು ಯಾವಾಗ್ಲೂ ಇರತ್ತೆ. ನಾವು ಬಟ್ಟೆ ಹೊಲಿಯೋರು."

"ಒಳಗಿರೋದು ಎಂಥಾ ಮ್ಯಾಗ್ನೆಟ್ ಗೊತ್ತಾ ನಿಮಗೆ?" ಆಕೆಯ ದನಿ ಏರಿತು. "ಒಬ್ರು ಪ್ಯಾಂಟಿನ ಜೇಬಲ್ಲಿ ಕೀಲಿಗೊಂಚಲು ಇಟ್ಕೊಂಡು ಬಂದುಬಿಟ್ಟಿದ್ರು. ಜೇಬು ಹರ್ಕೊಂಡು ಹಾರಿಹೋಯ್ತು ಅದು. ಎರಡು ಜನ ಎಳೆದ್ರೂ ಕೀಳೋಕೆ ಆಗ್ಲಿಲ್ಲ. ಅದು ಜೇಬು, ಹೋದ್ರೆ ಹೋಯ್ತು. ಮೈಯೊಳಗಿದ್ರೆ ಹರಿಯೋದು ಏನು ಹೇಳಿ?"

ಅತ್ತೆ ಸೂಜಿಗಳನ್ನು ಒಂದೊಂದಾಗಿ ಕಿತ್ತು ಆಕೆಯ ಕೈಯ ಬಟ್ಟಲಿಗೆ ಹಾಕತೊಡಗಿದರು. ಹರಿಯೋದು ಏನು? ಸೊಸೆಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹೊಟ್ಟೆಯೊಳಗೆಲ್ಲೋ ಮಲಗಿರುವ ಸೂಜಿ ತಲೆ ಎತ್ತುತ್ತದೆ, ತಿರುಗುತ್ತದೆ, ಸಿಕ್ಕಿದ್ದನ್ನೆಲ್ಲ ಸೀಳಿಕೊಂಡು ಹೊರಗೆ ಹೊರಡುತ್ತದೆ. ಹೇಳಿಬಿಡು, ಹೇಳಿಬಿಡು ಎಂದು ಜೀವ ಕೂಗುತ್ತಿತ್ತು. ಹೇಳಿದರೆ ಸ್ಕ್ಯಾನ್ ನಿಲ್ಲಿಸುತ್ತಾರೆ, ಸ್ಕ್ಯಾನ್ ನಿಂತರೆ ಕೈ ಹೋಗುತ್ತದೆ ಎಂದು ಇನ್ನೊಂದು ಭಯ. ಎದುರಿಗೆ ಅತ್ತೆಯ ಮುಖ. ಅಭ್ಯಾಸಬಲ ನೋಡಿ, ಅವಳು ತುಟಿ ಒತ್ತಿ ಹಿಡಿದು ಸುಮ್ಮನೆ ಕೂತಳು.

ಆಕೆ ಗಾಲಿಕುರ್ಚಿ ತಳ್ಳಿದಳು. ಬಾಗಿಲು ತೆರೆಯಿತು. ಒಳಗೆ ಬಿಳಿಯ ದೊಡ್ಡ ಯಂತ್ರ, ನಡುವೆ ಮೈ ತೂರಿಸುವಷ್ಟೇ ಅಗಲದ ತೂತು. ಅದು ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಟಪ್, ಟಪ್ ಎಂದು ಉಸಿರಾಡುತ್ತಿತ್ತು. ಕುರ್ಚಿಯ ಮುಂದಿನ ಗಾಲಿ ಹೊಸ್ತಿಲು ಮುಟ್ಟಿತು.

"ಬೇಡ!" ಸೊಸೆ ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಲ್ಲಿಸಿ! ನಾನು ಸೂಜಿ ನುಂಗಿದೀನಿ!"

ಕುರ್ಚಿ ಸರ್ರನೆ ಹಿಂದಕ್ಕೆ ಬಂತು, ಬಾಗಿಲು ಧಡಾರನೆ ಮುಚ್ಚಿತು. ಓಣಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸೊಸೆ ಯಾರ ಮುಖವನ್ನೂ ನೋಡದೆ, ನೆಲ ನೋಡಿಕೊಂಡು ಎಲ್ಲ ಹೇಳಿದಳು. ನೀಲಿ ಅಂಗಿ, ಇಳಿಬಿದ್ದ ಅಂಚು, ಬಾಯಲ್ಲಿದ್ದ ಮೂರು ಸೂಜಿ, ಮೊಣಕೈಯ ತಿವಿತ. ಕೊನೆಗೆ ಅತ್ತೆಯ ಕಡೆ ತಿರುಗಿದಳು. "ನಾಯಿ ಇರ್ಲಿಲ್ಲ ಅತ್ತೆ. ತಪ್ಪು ನಂದೇ. ಅವರನ್ನ ಬೈಬೇಡಿ."

"ನಾಯಿ ಇರ್ಲಿಲ್ಲ ಅಂತ ಗೊತ್ತು ಕಣೇ" ಎಂದರು ಅತ್ತೆ. "ಒಂದ್ಸಲ ಕಪ್ಪು ಅಂದ, ಇನ್ನೊಂದ್ಸಲ ಕಂದು ಅಂದ. ನಿನ್ನೆ ಮರಿ ಬೇರೆ ಹಾಕಿತ್ತು. ಅವನು ಹೊಟ್ಟೇಲಿದ್ದಾಗಿಂದ ನೋಡ್ತಿದೀನಿ ನಾನು. ಆದ್ರೆ ಸೂಜಿ ನುಂಗಿದೋಳು ಎರಡು ದಿನ ಬಾಯಿ ಮುಚ್ಕೊಂಡು ಕೂತಿದ್ಯಲ್ಲ, ನಿನಗೆ ಏನು ಹೇಳ್ಲಿ?" ಬೈಯಬೇಕೆಂದೇ ಶುರು ಮಾಡಿದ ಮಾತು ಅರ್ಧದಲ್ಲಿ ಒಡೆದುಹೋಯಿತು. ದೊಡ್ಡ ಕತ್ತರಿ ಬೈಗುಳವನ್ನು ಅರ್ಧಕ್ಕೆ ಬಿಟ್ಟದ್ದನ್ನು ಸೊಸೆ ಮೊದಲ ಸಲ ನೋಡಿದಳು, ನೋಡಿ ಇನ್ನಷ್ಟು ಹೆದರಿದಳು.

ಕೇಂದ್ರದ ಡಾಕ್ಟರು ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಎಕ್ಸ್‌ರೇ ತೆಗೆಸಿದರು. ಪರದೆಯ ಮೇಲೆ ಪಕ್ಕೆಲುಬುಗಳು ಕಂಡವು, ಬೆನ್ನುಮೂಳೆ ಕಂಡಿತು. ಸೂಜಿ ಕಾಣಲಿಲ್ಲ.

"ನುಂಗಿಲ್ಲ ನೀವು" ಎಂದರು ಡಾಕ್ಟರು.

ಸೊಸೆಗೆ ಹೋದ ಜೀವ ಬಂದಂತಾಯಿತು. ಆದರೆ ಆ ನೆಮ್ಮದಿ ನಿಲ್ಲಲಿಲ್ಲ. ಡಾಕ್ಟರು ಪರದೆಯ ಮುಂದಿನಿಂದ ಏಳದೆ ಗಲ್ಲ ಕೆರೆದುಕೊಳ್ಳುತ್ತಿದ್ದರು. "ಹೊಟ್ಟೇಲಿಲ್ಲ, ಎದೇಲಿಲ್ಲ. ಎಲ್ಲೋ ಇರ್ಲೇಬೇಕಲ್ಲ. ಕಾರಲ್ಲಿ ಬಿದ್ದಿದೆಯಾ?"

ಅತ್ತೆ ಮಗನಿಗೆ ಫೋನು ಮಾಡಿದರು. ಅವನು ಗ್ಯಾರೇಜಿನಲ್ಲಿದ್ದ. "ನಾಯಿ ಸತ್ತೋಯ್ತು ಕಣೋ, ಅದರ ಕತೆ ಬಿಡು" ಎಂದು ಶುರು ಮಾಡಿ ವಿಷಯ ಹೇಳಿದರು. ಅವನು ಮೆಕ್ಯಾನಿಕ್ಕನ ಜೊತೆ ಸೀಟು ಕಿತ್ತು, ಕಾಲುಹಾಸು ಕೊಡವಿ, ಮೂಲೆಮೂಲೆಗೂ ಅಯಸ್ಕಾಂತ ಆಡಿಸಿದ. ಎರಡು ನಟ್ಟು, ಒಂದು ಹಳೆಯ ಬ್ಲೇಡು ಸಿಕ್ಕವು. ಸೂಜಿ ಇಲ್ಲ.

"ಹಾಗಾದ್ರೆ ಒಂದು ಕೆಲಸ ಮಾಡಿ" ಎಂದರು ಡಾಕ್ಟರು ಸೊಸೆಗೆ. "ಕಾರಲ್ಲಿ ಹೇಗೆ ಕೂತಿದ್ರಿ, ಬಡಿದಾಗ ಏನು ಮಾಡಿದ್ರಿ, ಹಾಗೇ ಮಾಡಿ ತೋರಿಸಿ."

ಸೊಸೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಗೌನಿನ ಅಂಚನ್ನೇ ಅಂಗಿಯೆಂದು ಎತ್ತಿ ಹಿಡಿದಳು. ಬಾಯಲ್ಲಿ ಸೂಜಿ ಇದೆಯೆಂಬಂತೆ ತುಟಿ ಮುಂದೆ ಮಾಡಿದಳು. ಬಲಕ್ಕೆ ತಿರುಗಿ, ಇಲ್ಲದ ಗಂಡನನ್ನು ತಿವಿದಳು. ಆಮೇಲೆ ಕಂಬ. ಅದನ್ನು ನೆನೆದದ್ದೇ ತಡ, ಮೈ ತಾನಾಗಿಯೇ ಮುಂದಕ್ಕೆ ಬಗ್ಗಿತು, ಬಲಗೈ ಸರ್ರನೆ ಮೇಲೆದ್ದು ಮುಖಕ್ಕೆ ಅಡ್ಡವಾಯಿತು. ಮಣಿಕಟ್ಟಿನ ಒಳಭಾಗ ಬಂದು ನೇರವಾಗಿ ತುಟಿಗೆ ಬಡಿಯಿತು.

ಸೊಸೆ ಕೈಯನ್ನು ಹಾಗೆಯೇ ಹಿಡಿದುಕೊಂಡು, ಕಣ್ಣ ಮುಂದಿದ್ದ ಬಿಳಿ ಪಟ್ಟಿಯನ್ನೇ ನೋಡಿದಳು. ಕ್ಲಿನಿಕ್ಕಿನಲ್ಲಿ ಗಾಜಿನ ಗೀರಿನ ಜೊತೆ ಮುಚ್ಚಿಹೋದ ಜಾಗ ಅದು. ಅಂದು ಅಲ್ಲೊಂದು ಚುರುಕ್ ಎಂದಿತ್ತು. ಹೌದು, ಎಂದಿತ್ತು! ಸೂಜಿ ಚುಚ್ಚಿದ ಚುರುಕು ಅವಳಿಗೆ ಹೊಸದೇ? ದಿನವೂ ನುಂಗುವ ಹಾಗೆ ಅದನ್ನೂ ನುಂಗಿದ್ದಳು.

ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಗಳ ಮೇಲೆ ಬೆಳ್ಳನೆಯ ಗೆರೆಯೊಂದು ಓರೆಯಾಗಿ ಬಿದ್ದಿತ್ತು, ತುದಿಯಲ್ಲಿ ಸಣ್ಣ ತಲೆ. ಅದರ ಪಕ್ಕದಲ್ಲೇ ಆ ಮೂರು ಬೆರಳುಗಳಿಗೆ ಹೋಗುವ ನರವಿದೆ ಎಂದು ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ನೀವು ಸ್ಕ್ಯಾನಿಗೆ ಒಳಗೆ ಹೋಗಿದ್ರೆ ಇದು ತಿರುಗಿಬಿಡ್ತಿತ್ತು. ನರ ಉಳೀತಿರ್ಲಿಲ್ಲ." ಸ್ಕ್ಯಾನ್ ಮಾಡುವಾಕೆ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು. ಕುರ್ಚಿ ತಳ್ಳಿದ್ದು ಅವಳೇ ಅಲ್ಲವೆ?

"ಹಾಗಾದ್ರೆ ಸೂಜಿ ತೆಗೆದ್ರೆ ಕೈ ಸರಿಹೋಗತ್ತಾ?" ಎಂದು ಕೇಳಿದರು ಅತ್ತೆ.

"ಬೆರಳು ಮರಗಟ್ಟಿದ್ದು ಸೂಜಿಯಿಂದ ಇರಬಹುದು, ಕತ್ತಿನಿಂದ ಇರಬಹುದು, ಎರಡರಿಂದಲೂ ಇರಬಹುದು. ಮೊದಲು ಸೂಜಿ ತೆಗೆಸಿ. ಆಮೇಲೆ ಕತ್ತು ನೋಡೋಣ."

ಅಂದು ಮಧ್ಯಾಹ್ನವೇ ಆಸ್ಪತ್ರೆಯಲ್ಲಿ ಸೂಜಿ ತೆಗೆದರು. ಮಾರನೆಯ ದಿನ ಮತ್ತದೇ ಓಣಿ, ಅದೇ ಬಾಗಿಲು. ಈ ಸಲ ಅತ್ತೆಯ ಕಾಲರ್‌ನಲ್ಲಿ ಏನೂ ಇರಲಿಲ್ಲ. ಆದರೂ ಸ್ಕ್ಯಾನ್ ಮಾಡುವಾಕೆ ಕಾಲರ್ ಮಡಿಕೆ ಬಿಡಿಸಿ ನೋಡಿದಳು. ಅತ್ತೆ ಶಾಲೆಯ ಹುಡುಗಿಯ ಹಾಗೆ ಕತ್ತೆತ್ತಿ ನಿಂತರು.

ತೂತಿನೊಳಗೆ ಹೋದಾಗ ಸೊಸೆಯ ಮೂಗಿಗೂ ಮೇಲಿನ ಬಿಳಿ ಗೋಡೆಗೂ ನಡುವೆ ಒಂದು ಗೇಣೂ ಉಳಿಯಲಿಲ್ಲ. ಕತ್ತು ಅಲ್ಲಾಡದಂತೆ ಪಂಜರ ಹಾಕಿದ್ದರು. ಎಡಗೈಯಲ್ಲಿ ರಬ್ಬರಿನ ಗಂಟೆಬುಗ್ಗೆ ಕೊಟ್ಟು, ಹೆದರಿಕೆಯಾದರೆ ಒತ್ತಿ ಎಂದಿದ್ದರು. ಹೆದರಿಕೆಯಾದಾಗಲೆಲ್ಲ ಒತ್ತುವುದಾದರೆ ಬುಗ್ಗೆಯಿಂದ ಬೆರಳು ತೆಗೆಯುವಂತೆಯೇ ಇರಲಿಲ್ಲ. ಸದ್ದು ಶುರುವಾಯಿತು. ಅಂಗಡಿಯ ಹೊಲಿಗೆಯಂತ್ರಗಳೆಲ್ಲ ಬಟ್ಟೆಯಿಲ್ಲದೆ ಒಟ್ಟಿಗೆ ಓಡಿದಂಥ ಸದ್ದು. ಕಿವಿಗೆ ಹತ್ತಿಯಿಟ್ಟಿದ್ದರೂ ಹಲ್ಲಿನ ಬುಡದವರೆಗೆ ನಡುಗಿಸುತ್ತಿತ್ತು. ಸೂಜಿ ಹೋಗಿತ್ತು, ಭಯ ಮಾತ್ರ ಹೋಗಿರಲಿಲ್ಲ. ಈ ಯಂತ್ರ ಈಗ ನನ್ನ ಕತ್ತಿನೊಳಗೆ ಇಣುಕುತ್ತಿದೆ, ಅಲ್ಲಿ ಏನು ಕಂಡಿತು, ಕಂಡದ್ದನ್ನು ಯಾರಿಗೆ ಹೇಳುತ್ತಿದೆ? ಅವಳು ಅಲ್ಲಾಡದೆ ಮಲಗಿ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ನೆನೆದಳು. ಹೆಬ್ಬೆರಳು ದಾರದ ತುದಿ ಹೊಸೆಯುವುದು, ತೋರುಬೆರಳು ಹೊಲಿಗೆ ನೇರ ಇದೆಯೇ ಎಂದು ಸವರಿ ನೋಡುವುದು, ನಡುಬೆರಳು ಸೂಜಿಯನ್ನು ಹಿಂದಿನಿಂದ ತಳ್ಳುವುದು. ಕಣ್ಣೀರು ಕಿವಿಯ ಹತ್ತಿಗೆ ಇಳಿಯಿತು, ಒರೆಸಿಕೊಳ್ಳುವಂತಿರಲಿಲ್ಲ.

ಕತ್ತಿನಲ್ಲಿ ಏನೂ ಇರಲಿಲ್ಲ. ಸ್ನಾಯು ಉಳುಕಿದೆ, ನರ ಎಲ್ಲೂ ಒತ್ತಿಲ್ಲ ಎಂದರು. ಮಣಿಕಟ್ಟಿನಲ್ಲೂ ನರ ತುಂಡಾಗಿಲ್ಲ, ಜಜ್ಜಿದೆ. "ಸ್ಪರ್ಶ ವಾಪಸ್ ಬರಬಹುದು" ಎಂದರು ಸೂಜಿ ತೆಗೆದ ಡಾಕ್ಟರು. "ಬರದೇನೂ ಇರಬಹುದು. ಕಾಯ್ಬೇಕು."

ಕಾಯುವುದು ತೂತಿನೊಳಗೆ ಮಲಗುವುದಕ್ಕಿಂತ ಕಷ್ಟವಾಗಿತ್ತು. ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲು ಅತ್ತೆ ಸೊಸೆಯನ್ನು ಕೂರಿಸಿ, "ಕಣ್ಣು ಮುಚ್ಕೋ" ಎಂದು ಬೆರಳುಗಳ ತುದಿಗೆ ಸೂಜಿ ತಾಗಿಸುತ್ತಿದ್ದರು.

"ಗೊತ್ತಾಯ್ತಾ?"

"ಇಲ್ಲ ಅತ್ತೆ."

"ಈಗ?"

"ಇಲ್ಲ."

ಒಂದು ದಿನ ಸೊಸೆ ಅತ್ತೆಗೆ ಸಮಾಧಾನವಾಗಲೆಂದು ಸುಮ್ಮನೆ 'ಹೂಂ' ಎಂದಳು. ಆಗ ಸೂಜಿ ತಾಗಿಸಿಯೇ ಇರಲಿಲ್ಲ. ಇಬ್ಬರೂ ಆ ದಿನವಿಡೀ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ಗಂಡ ಬಟ್ಟೆಯ ಗಂಟು ಹೊತ್ತು ಒಳಗೂ ಹೊರಗೂ ಓಡಾಡುತ್ತ, ಇಲ್ಲದ ಜೋಕು ಮಾಡಿ, ಯಾರೂ ನಗದಿದ್ದಾಗ ತಾನೇ ನಗುತ್ತಿದ್ದ. ಆಮೇಲಾಮೇಲೆ ಅವನೂ ಬಿಟ್ಟ. ಸೊಸೆಗೆ ಎಡಗೈಯಲ್ಲಿ ಮಾಡಬಹುದಾದ ಕೆಲಸಗಳು ಉಳಿದವು. ಗುಂಡಿ ಬೇರ್ಪಡಿಸುವುದು, ದಾರದ ಉಂಡೆ ಜೋಡಿಸುವುದು. ಅತ್ತೆ ಇನ್ನೊಬ್ಬ ಕೆಲಸದವಳನ್ನು ವಿಚಾರಿಸುತ್ತಿದ್ದಾರೆಂದು ಅವಳ ಕಿವಿಗೆ ಬಿತ್ತು. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಾಡುಗಾತಿ ಮತ್ತೆ ಬಂದಳು, ಈ ಸಲ ಬಿಳಿ ರೇಷ್ಮೆ. ಅವಳು ಕನ್ನಡಿಯ ಮುಂದೆ ಮಣೆಯ ಮೇಲೆ ನಿಂತಿದ್ದಳು. ಅತ್ತೆ ಕಾಲ ಬಳಿ ಕೂತು ಅಂಚು ಮಡಚುತ್ತಿದ್ದರು. ಮಂಡಿನೋವು, ಹಾಗಾಗಿ ಏಳುವುದು ಕೂರುವುದು ಕಷ್ಟ. "ಸೂಜಿ ಕೊಡೇ" ಎಂದು ಹಿಂದೆ ತಿರುಗದೆ ಕೈ ಚಾಚಿದರು. ಸೊಸೆಯ ಮನಸ್ಸು ಎಲ್ಲೋ ಇತ್ತು. ಎಡಗೈ ಬಳಸಬೇಕೆನ್ನುವುದು ಮರೆತು, ಹಳೆಯ ರೂಢಿಯಂತೆ ಬಲಗೈಯನ್ನೇ ಸೂಜಿಯ ಡಬ್ಬಿಗೆ ಹಾಕಿದಳು.

"ಅಯ್ಯೋ ಅಮ್ಮಾ!"

ಅಂಗಡಿ ನಡುಗಿಹೋಯಿತು. ಹಾಡುಗಾತಿ ಬೆಚ್ಚಿ ಮಣೆಯಿಂದ ಕೆಳಗೆ ಹಾರಿದಳು, ಮಡಚಿದ ಅಂಚು ಬಿಚ್ಚಿಕೊಂಡಿತು. ಸೊಸೆ ಕೊಡವಿದ ಬೆರಳಿನಿಂದ ಒಂದು ಹನಿ ರಕ್ತ ಬಿಳಿ ರೇಷ್ಮೆಯ ಮೇಲೆ ಬಿತ್ತು. ಯಂತ್ರ ತುಳಿಯುತ್ತಿದ್ದವರು ನಿಲ್ಲಿಸಿದರು. ಈ ಅಂಗಡಿಯಲ್ಲಿ ಹೀಗೆ ಆದದ್ದೇ ಇಲ್ಲ. ಎಲ್ಲರೂ ದೊಡ್ಡ ಕತ್ತರಿಯ ಕಡೆ ನೋಡಿದರು.

ಅತ್ತೆ ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದರು. ರೇಷ್ಮೆಯ ಕಡೆ ನೋಡಲೂ ಇಲ್ಲ, ಗಿರಾಕಿಯ ಕಡೆಯೂ ನೋಡಲಿಲ್ಲ. ಬಂದು ಸೊಸೆಯ ಬಲಗೈ ಹಿಡಿದುಕೊಂಡರು.

"ಯಾವ ಬೆರಳು?"

"ತೋರುಬೆರಳು ಅತ್ತೆ. ಚುಚ್ಚಿತು. ನಿಜವಾಗ್ಲೂ ಚುಚ್ಚಿತು." ಸೊಸೆಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಹಳೆಯ ಹೆದರಿಕೆಯೂ ನೆನಪಾಯಿತು. "ಗಿರಾಕಿ ಮುಂದೆ ಕೂಗಿಬಿಟ್ಟೆ, ತಪ್ಪಾಯ್ತು" ಎಂದು ಬೆರಳನ್ನು ಬಾಯಿಗೆ ಒಯ್ದಳು.

ಅತ್ತೆ ಆ ಕೈಯನ್ನು ಬಾಯಿಗೆ ಹೋಗಗೊಡಲಿಲ್ಲ. ಗಟ್ಟಿಯಾಗಿ ಹಿಡಿದು, ಡಬ್ಬಿಯಿಂದ ಸೂಜಿಯೊಂದನ್ನು ತೆಗೆದು, ಸೊಸೆಯ ಹೆಬ್ಬೆರಳಿಗೆ ಒತ್ತಿದರು.

"ಬಾಯಿ ಬಿಡೇ" ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ಬೀದಿಗೆಲ್ಲಾ ಕೇಳೋ ಹಾಗೆ ಕೂಗು."